ಚುಕ್ಕಿ ಇಡುವ ಮುನ್ನ ಎಣಿಸಿ

ಕಾರ್ಬನ್ ಡೈಆಕ್ಸೈಡಿನ ಎಲೆಕ್ಟ್ರಾನ್ ಚುಕ್ಕಿ ರಚನೆ (ಅಣುವಿನ ಎಲೆಕ್ಟ್ರಾನ್‌ಗಳನ್ನು ಚುಕ್ಕಿ, ಗೆರೆಗಳಲ್ಲಿ ತೋರಿಸುವ ಚಿತ್ರ) ಬರೆಯಲು ಹೇಳಿದರೆ ಪಿಯುಸಿ ಮಕ್ಕಳ ತಪ್ಪು ಹೆಚ್ಚಾಗಿ ಒಂದೇ ಬಗೆಯದು. ನಡುವೆ ಕಾರ್ಬನ್, ಎರಡೂ ಬದಿಗೆ ಒಂದೊಂದು ಗೆರೆ, ಪ್ರತಿ ಪರಮಾಣುವಿನ ಸುತ್ತ ಸಾಮಾನ್ಯವಾಗಿ ಬೇಕಾದ ಎಂಟು ಎಲೆಕ್ಟ್ರಾನ್ ತುಂಬುವಷ್ಟು ಚುಕ್ಕಿ. ನೋಡಲು ಅಚ್ಚುಕಟ್ಟು. ಎಣಿಸಿದರೆ 20 ಎಲೆಕ್ಟ್ರಾನ್, ಇರುವುದು 16. ಹೆಚ್ಚಿನ ನಾಲ್ಕು ಎಲ್ಲಿಂದ ಬಂದವು?

ಆದ್ದರಿಂದ ಮೊದಲು ಲೆಕ್ಕ. ಹೊರಕವಚದ ಎಲೆಕ್ಟ್ರಾನ್ ಮಾತ್ರ, ಒಳಗಿನವು ಬಂಧದ ಗೊಡವೆಗೆ ಬರುವುದಿಲ್ಲ. ಕಾರ್ಬನ್ನಿಗೆ 4, ಆಕ್ಸಿಜನ್ನಿಗೆ ಆರರಂತೆ 12. ಒಟ್ಟು 16 ಎಂದು ಹಾಳೆಯ ಮೂಲೆಯಲ್ಲಿ ಬರೆದು ಸುತ್ತು ಹಾಕಿ. ಪೆನ್ಸಿಲ್ಲೇ ಇರಲಿ, ಪೆನ್ನು ಮುಟ್ಟಬೇಡಿ.

ಪರಮಾಣುಗಳನ್ನು ಒಂದೊಂದು ಗೆರೆಯಿಂದ ಜೋಡಿಸಿ. ಗೆರೆಗೆ ಎರಡು ಎಲೆಕ್ಟ್ರಾನ್, ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಹಾಕಿಕೊಟ್ಟ ಲೆಕ್ಕ. ನಾಲ್ಕು ಖರ್ಚಾಯಿತು.

ಎಡವುವುದು ಇಲ್ಲಿಂದ ಮುಂದೆ. ಉಳಿದ 12ನ್ನು ಹೊರಗಿನ ಆಕ್ಸಿಜನ್ನುಗಳಿಗೆ ಆರಾರು ಹಂಚಿ. ಅವುಗಳಿಗೆ ಎಂಟು ತುಂಬಿತು, ಕೈ ಬರಿದಾಯಿತು, ಕಾರ್ಬನ್ನಿನ ಸುತ್ತ ಮಾತ್ರ ನಾಲ್ಕೇ. ಹೊಸ ಚುಕ್ಕಿ ಇಡಬೇಡಿ. ಒಂದು ಆಕ್ಸಿಜನ್ನಿನ ಒಂಟಿ ಜೋಡಿಯನ್ನು (ಬಂಧಕ್ಕೆ ಸೇರದ ಎರಡು ಚುಕ್ಕಿ) ಅಳಿಸಿ, ಅದರ ಬದಲು ಕಾರ್ಬನ್ನಿಗೆ ಎರಡನೆಯ ಗೆರೆ ಎಳೆಯಿರಿ. ಆಕ್ಸಿಜನ್ನಿನ ಎಂಟಕ್ಕೆ ಕುಂದಿಲ್ಲ, ಏಕೆಂದರೆ ಹಂಚಿಕೊಂಡ ಜೋಡಿ ಇಬ್ಬರ ಲೆಕ್ಕಕ್ಕೂ ಸೇರುತ್ತದೆ. ಕಾರ್ಬನ್ನಿಗೆ ಆರಾಯಿತು. ಇನ್ನೊಂದು ಬದಿಯಲ್ಲೂ ಹೀಗೇ ಮಾಡಿ. ಎರಡೂ ಜೋಡಿಯನ್ನು ಒಂದೇ ಆಕ್ಸಿಜನ್ನಿನಿಂದ ತೆಗೆದರೂ ಎಂಟು ತುಂಬುತ್ತದೆ ನಿಜ. ಆದರೆ ಲೆಕ್ಕದಲ್ಲಿ ಅದಕ್ಕೆ ಧನ ಆವೇಶ, ಇನ್ನೊಂದಕ್ಕೆ ಋಣ ಆವೇಶ ಬರುತ್ತದೆ. ಆವೇಶ ಹುಟ್ಟದ ದಾರಿ ಇರುವಾಗ ಅದೇ ಸರಿ. ಕೊನೆಗೆ ಮೂಲೆಯ 16ಕ್ಕೆ ತಾಳೆ ನೋಡಿ.

ಕೋಚಿಂಗ್‌ನವರ ಅಡ್ಡದಾರಿಯೊಂದಿದೆ: ಪರಮಾಣುಗಳ ಸಂಖ್ಯೆಯನ್ನು ಎಂಟರಿಂದ ಗುಣಿಸಿ, ಇರುವ ಎಲೆಕ್ಟ್ರಾನ್ ಕಳೆದು, ಎರಡರಿಂದ ಭಾಗಿಸಿದರೆ ಬಂಧಗಳ, ಅಂದರೆ ಗೆರೆಗಳ, ಸಂಖ್ಯೆ. ಇಲ್ಲಿ ನಾಲ್ಕು, ಸರಿ. ಬೋರಾನ್ ಟ್ರೈಫ್ಲೋರೈಡಿಗೂ ಅದು ನಾಲ್ಕೆನ್ನುತ್ತದೆ. ಅಲ್ಲಿ ನಾವು ಬರೆಯುವುದು ಮೂರು, ಬೋರಾನಿಗೆ ಆರೇ. ಆ ಎರಡರ ಕೊರತೆಯಿಂದಲೇ ಅದು ಅಮೋನಿಯ ಎದುರಾದಾಗ ನೈಟ್ರೋಜನ್ನಿನ ಒಂಟಿ ಜೋಡಿಯೊಡನೆ ಬಂಧ ಕಟ್ಟಿಕೊಳ್ಳುತ್ತದೆ. ಸೂತ್ರವನ್ನೇ ನಂಬಿದವರಿಗೆ ಈ ಕ್ರಿಯೆ ಅರ್ಥವಾಗುವುದಿಲ್ಲ.

ಕೈ ಕುದುರಲು ಕಾರ್ಬನ್ ಮೋನಾಕ್ಸೈಡ್ ಬರೆಯಿರಿ. ಒಟ್ಟು 10: ಮೂರು ಗೆರೆ, ಎರಡೂ ತುದಿಗೆ ಒಂದೊಂದು ಒಂಟಿ ಜೋಡಿ. ಪ್ಲಾಸ್ಟಿಕ್ ಗೋಲಿ-ಕಡ್ಡಿಯ ಅಗ್ಗದ ಕಿಟ್‌ಗಳಲ್ಲಿ ಆಕ್ಸಿಜನ್ ಗೋಲಿಗೆ ಎರಡೇ ತೂತು, ಹಾಗಾಗಿ ಇದನ್ನು ಕಟ್ಟಲು ಬರುವುದಿಲ್ಲ, ದುಡ್ಡು ದಂಡ. ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಈ ಅನಿಲ ಅಂಟಿಕೊಳ್ಳುವುದು ಕಾರ್ಬನ್ನಿನ ತುದಿಯ ಜೋಡಿಯಿಂದ.