ಪೂರಕ ಓದಿನ ಪುಸ್ತಿಕೆ: ಕಲಂ 52ರೊಳಗೇ ಮಾಡಿದ್ದು

ಬೇರೆಯವರ ಪದ್ಯ, ಬರಹ ಆಯ್ದು ಮಕ್ಕಳಿಗೊಂದು ಪೂರಕ ಓದಿನ ಪುಸ್ತಿಕೆ ಅಚ್ಚು ಹಾಕಿಸೋಣ ಎಂದಾಗ "ಸುಮ್ನೆ ಜೆರಾಕ್ಸ್ ಹೊಡೆಸ್ರಿ ಸರ, ಯಾರ್ ಕೇಳ್ತಾರ" ಅಂದವರಿದ್ದರು. "ನೋಟಿಸ್ ಬರ್ತದ, ಬ್ಯಾಡ್ರಿ" ಅಂದವರೂ ಇದ್ದರು. ಕಲಬುರಗಿಯ ನಮ್ಮ ಪ್ರೌಢಶಾಲೆಯ ಪುಸ್ತಿಕೆ ಈಗ ಎರಡನೇ ಮುದ್ರಣ ಕಂಡಿದೆ.

ಪಾಠಕ್ಕೆ ಪ್ರತಿ ಮಾಡಲು, ಪ್ರಶ್ನೆಪತ್ರಿಕೆಗೆ ಪದ್ಯ ಹಾಕಲು 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಐ) ಸಾಕು; ಅನುಮತಿಯಿಲ್ಲದೆ ಬಳಸಬಹುದಾದ ಸಂದರ್ಭಗಳನ್ನು ಹೇಳುವುದೇ ಈ ಕಲಂ 52. ಸಂಕಲನವಾಗಿ ಅಚ್ಚು ಹಾಕಿಸುವುದಾದರೆ 52(1)(ಎಚ್) ಹಿಡಿಯಬೇಕು, ಪುಟದ ಲೆಕ್ಕ ಅಲ್ಲೇ ಶುರು. ಹೆಚ್ಚಿನ ಭಾಗ ಕೃತಿಸ್ವಾಮ್ಯದ ಹಕ್ಕಿಲ್ಲದ್ದೇ ಇರಬೇಕು. ಬೋಧನೆಗೆಂದು ಹೆಸರಿನಲ್ಲೇ ಕಾಣಬೇಕು. ಹಕ್ಕಿರುವ ಕೃತಿಯಿಂದ ಚಿಕ್ಕ ಭಾಗ ಮಾತ್ರ. ಒಬ್ಬ ಲೇಖಕರದ್ದು ಐದು ವರ್ಷದಲ್ಲಿ ಅಂಥ ಎರಡೇ ಭಾಗ. ಪಠ್ಯ, ಗೈಡುಗಳಿಂದ ಎತ್ತುವಂತಿಲ್ಲ, ಅವು ಬೋಧನೆಗೆಂದೇ ಅಚ್ಚಾದವು. ಅರ್ಧಕ್ಕರ್ಧ ಹೊಸ ಕವಿತೆ ತುಂಬಿದ್ದ ಕರಡು ಇಲ್ಲೇ ಬಿತ್ತು, ಡಿಟಿಪಿಯ ಸಾವಿರದ ಎಂಟುನೂರು ರೂಪಾಯಿ ನೀರಿಗೆ ಹೋಯಿತು. ಈಗ 64 ಪುಟದಲ್ಲಿ ಹಕ್ಕಿರುವುದು ಹತ್ತು ಪುಟದೊಳಗೆ.

ಹಕ್ಕು ಮುಗಿದಿದೆಯೇ ಎಂದು ತಿಳಿಯಲು ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಎಣಿಸಿ. ಪಂಜೆ ಮಂಗೇಶರಾಯರು ತೀರಿದ್ದು 1937ರಲ್ಲಿ, ಧಾರಾಳವಾಗಿ ಹಾಕಿದೆವು. ಬೇಂದ್ರೆಯವರು 1981, ಹಾಗಾಗಿ 2041 ಮುಗಿಯುವವರೆಗೆ ಕೈ ಬಿಗಿ. ವಚನಗಳು, ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಎಲ್ಲರವು. ಆದರೆ ಇತ್ತೀಚಿನ ಸಂಪಾದಕರ ಟಿಪ್ಪಣಿ, ಅರ್ಥ, ಪ್ರಸ್ತಾವನೆ ಅವರವೇ. ಇದನ್ನು ಬಹಳ ಶಾಲೆಗಳು ಗಮನಿಸುವುದಿಲ್ಲ. ಮೂಲ ಪದ ಮಾತ್ರ ಇಟ್ಟು ಅರ್ಥಕೋಶ ನಾವೇ ಬರೆದೆವು.

ನಡುವೆ ಒಂದು ಪ್ರಯೋಗ. ಭಜನಾ ಮೇಳದವರಿಂದ ತತ್ವಪದ ಹಾಡಿಸಿ ಪುಟದಲ್ಲಿ ಕ್ಯೂಆರ್ ಕೋಡ್ ಹಾಕಿದೆವು. ಪದ ಎಲ್ಲರದಾದರೂ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷದ ಪ್ರದರ್ಶಕರ ಹಕ್ಕಿದೆ, ಆದ್ದರಿಂದ ಪ್ರತಿಯೊಬ್ಬರ ಸಹಿ ಬೇಕು. ಮುಖ್ಯ ಗಾಯಕರ ಸಹಿಯೊಂದೇ ಸಾಲದು, ತಬಲಾ, ಹಾರ್ಮೋನಿಯಂ ಬಾರಿಸಿದವರದೂ ಬೇಕು.

ಖರ್ಚು: 200 ಪ್ರತಿಗೆ ಒಂಬತ್ತು ಸಾವಿರದ ಆಸುಪಾಸು, ಪ್ರತಿಗೆ ನಲವತ್ತೈದು. ಅಷ್ಟೇ ಪುಟ ಜೆರಾಕ್ಸಿಗೆ ತೊಂಬತ್ತು ದಾಟುತ್ತಿತ್ತು. ಕಲಂ 52ರ ಮಿತಿ ದಾಟುವ ಭಾಗಗಳಿಗೆ ಅನುಮತಿ ಕೇಳಿ ಪ್ರಕಾಶಕರಿಗೆ ಬರೆದ ಪತ್ರಗಳಲ್ಲಿ ಬಹುಪಾಲಿಗೆ ಉತ್ತರವಿಲ್ಲ. ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯಬೇಡಿ. ಆ ಭಾಗ ತೆಗೆದುಬಿಡಿ.

ಕೊನೆಯ ಎಂಟು ಪುಟ ಮಕ್ಕಳ ಬರಹ, ಚಿತ್ರ. ಶಾಲೆಯಲ್ಲಿ ಬರೆದರೆ ಶಾಲೆಯದ್ದು ಎಂಬ ಮಾತು ತಪ್ಪು. ಕಲಂ 17ರ ಪ್ರಕಾರ ಮೊದಲ ಒಡೆತನ ಮಗುವಿನದು. ಮಗುವಿನ ಸಹಿ ಕರಾರಿಗೆ ನಿಲ್ಲದು, ಪಾಲಕರ ಸಹಿ ಬೇಕು. ಚೀಟಿಯಲ್ಲಿ ಮೂರನ್ನೇ ಬರೆಯಿಸಿ: ಯಾವ ಬರಹ, ಯಾವ ಪುಸ್ತಿಕೆ, ಎಷ್ಟು ವರ್ಷ. ಅವಧಿ ಬರೆಯದಿದ್ದರೆ ಐದೇ ವರ್ಷ ಎಂದು ಕಾಯ್ದೆ ಲೆಕ್ಕ ಹಿಡಿಯುತ್ತದೆ. ಸಹಿ ಬಾರದ ಮೂರ್ನಾಲ್ಕು ಬರಹ ಮುಂದಿನ ಮುದ್ರಣಕ್ಕೆ ಕಾದಿವೆ.