ನಂದಿ ಸಾಲಿನ ಬೆಟ್ಟಗಳಲ್ಲಿ ಚಾರಣ: ಇಳಿಯುವ ದಾರಿಯಿಂದಲೇ ಯೋಜನೆ ಆರಂಭವಾಗಲಿ

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳ ನಡುವೆ ಎದ್ದು ನಿಂತಿರುವ ನಂದಿ ಸಾಲಿನ ಬೆಟ್ಟಗಳು ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿವೆ. ವಾರಾಂತ್ಯ ಬಂತೆಂದರೆ ಇಲ್ಲಿಗೆ ಬರುವ ಚಾರಣಿಗರಿಗೆ ಲೆಕ್ಕವಿಲ್ಲ. ಹತ್ತುವಾಗ ಏದುಸಿರು ಬಿಟ್ಟರೂ ಬಹುತೇಕ ಎಲ್ಲರೂ ತುದಿ ಮುಟ್ಟುತ್ತಾರೆ. ಮೊಣಕೈ ತರಚಿಕೊಳ್ಳುವುದು, ಪಾದ ಉಳುಕಿಸಿಕೊಳ್ಳುವುದು, ದಾರಿ ತಪ್ಪಿ ಬಂಡೆಯ ಅಂಚಿನಲ್ಲಿ ಸಿಕ್ಕಿಬೀಳುವುದು ಇವೆಲ್ಲ ನಡೆಯುವುದು ಇಳಿಯುವಾಗಲೇ. ಹತ್ತುವುದಕ್ಕೆ ವಾರಗಟ್ಟಲೆ ತಯಾರಿ ಮಾಡಿ, ಇಳಿಯುವುದರ ಬಗ್ಗೆ ಒಂದು ಕ್ಷಣವೂ ಯೋಚಿಸದೆ ಬರುವವರನ್ನು ನೋಡಿ ನೋಡಿ ಈ ಲೇಖನ ಬರೆಯಬೇಕೆನಿಸಿತು.

ಹಂತ 1: ಬೆಟ್ಟದ ಆಯ್ಕೆ

ಮೊದಲ ಸಲ ಬರುವವರು, ಮಕ್ಕಳು ಹಾಗೂ ಹಿರಿಯರ ಜೊತೆ ಬರುವವರು 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಸುಲ್ತಾನ್‌ಪೇಟೆಯ ಕಡೆಯಿಂದ ಮೆಟ್ಟಿಲು ದಾರಿಯಲ್ಲಿ ಹತ್ತಲಿ. ಕಾರಿನಲ್ಲಿ ಮೇಲೆ ಹೋಗಿ ಬರುವವರಿಗೆ ಈ ಹಳೆಯ ದಾರಿ ಇರುವುದೇ ಗೊತ್ತಿಲ್ಲ. 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ಮುತ್ತಿಗೆ ಹಾಕಿ ಗೆದ್ದುಕೊಂಡ ಕೋಟೆಯ ಗೋಡೆಗಳನ್ನು ಹತ್ತಿರದಿಂದ ನೋಡುತ್ತಾ ಹೋಗಬಹುದು. ಮೆಟ್ಟಿಲುಗಳಿರುವುದರಿಂದ ದಾರಿ ತಪ್ಪುವ ಭಯವೂ ಇಲ್ಲ. ದೊಡ್ಡಬಳ್ಳಾಪುರದ ಆಚೆ, ಘಾಟಿ ಸುಬ್ರಹ್ಮಣ್ಯಕ್ಕೆ ಹತ್ತಿರವಿರುವ ಮಾಕಳಿದುರ್ಗ ಎರಡನೆಯ ಮೆಟ್ಟಿಲು. ಅಲ್ಲಿ ಬೆಟ್ಟದ ಬುಡಕ್ಕೆ ಹತ್ತಿರದ ದಾರಿಯೆಂದು ರೈಲು ಹಳಿಯ ಮೇಲೆಯೇ ನಡೆಯುವ ಅಭ್ಯಾಸ ಬೆಳೆದುಬಿಟ್ಟಿದೆ. ಅದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ಪ್ರಾಣಕ್ಕೂ ಅಪಾಯ, ಆದ್ದರಿಂದ ದಯವಿಟ್ಟು ಆ ದಾರಿ ಹಿಡಿಯಬೇಡಿ. ಚಿಕ್ಕಬಳ್ಳಾಪುರದ ಪಕ್ಕದಲ್ಲಿಯೇ ಇರುವ ಸ್ಕಂದಗಿರಿ, ಅಂದರೆ ಊರಿನವರ ಬಾಯಲ್ಲಿ ಕಳವಾರ ಬೆಟ್ಟ, ಈ ಮೂರರಲ್ಲಿ ಕಠಿಣ. ಕುರುಚಲು ಕಾಡು, ಮುರಿದ ಕೋಟೆಗೋಡೆ, ನಡುನಡುವೆ ಉದ್ದನೆಯ ಹಾಸುಬಂಡೆ ಇರುವ ಈ ಬೆಟ್ಟಕ್ಕೆ ಮೊದಲೆರಡನ್ನು ಮುಗಿಸಿದ ಮೇಲೆ ಬರುವುದು ಒಳ್ಳೆಯದು.

ಹಂತ 2: ಅನುಮತಿ

ಸ್ಕಂದಗಿರಿ ಮತ್ತು ಮಾಕಳಿದುರ್ಗಕ್ಕೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಟಿಕೆಟ್ ಪಡೆದು, ಗುರುತಿನ ಚೀಟಿ ಇಟ್ಟುಕೊಂಡು ಹೋಗಬೇಕು. ಹಣ ಕಟ್ಟಿದರೆ ಸಾಕು, ರಾತ್ರಿಯೇ ಹತ್ತಿಸಿ ಮೇಲೆ ಬೆಂಕಿ ಹಾಕಿ ಮಲಗಿಸುತ್ತೇವೆ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕರೆಯುವವರನ್ನು ನಂಬಬೇಡಿ.

ಹಂತ 3: ಚೀಲಕ್ಕೆ ಏನು, ಕಾಲಿಗೆ ಏನು

ತಲಾ ಎರಡು ಲೀಟರ್ ನೀರು, ಅದೂ ಒಂದೇ ದೊಡ್ಡ ಬಾಟಲಿಯಲ್ಲಲ್ಲ, ಎರಡು ಬಾಟಲಿಗಳಲ್ಲಿ. ಒಂದು ಖಾಲಿಯಾದ ಕೂಡಲೇ ಅರ್ಧ ನೀರು ಮುಗಿಯಿತೆಂಬುದು ಲೆಕ್ಕಕ್ಕೆ ಸಿಗುತ್ತದೆ. ಓಆರ್‌ಎಸ್ ಪೊಟ್ಟಣ, ಹಣೆಗೆ ಕಟ್ಟುವ ಟಾರ್ಚು, ಸೌತೆಕಾಯಿ, ಕಟ್ಟಿಕೊಂಡ ಚಿತ್ರಾನ್ನ ಇದ್ದರೆ ಸಾಕು. ಚಿಪ್ಸ್ ಪೊಟ್ಟಣಗಳು ಬೇಡ, ಅವು ಬಾಯಾರಿಕೆ ಹೆಚ್ಚಿಸುತ್ತವೆ, ನಂದಿಬೆಟ್ಟದಲ್ಲಂತೂ ಕೋತಿಗಳನ್ನು ಕರೆಯುತ್ತವೆ.

ಶೂ ವಿಷಯದಲ್ಲಿ ರಾಜಿ ಬೇಡ. ಅಟ್ಟೆಯ ರಬ್ಬರು ಉಗುರಿನಿಂದ ಒತ್ತಿದರೆ ತುಸುವಾದರೂ ತಗ್ಗುವಷ್ಟು ಮೆತ್ತಗಿರಬೇಕು. ಕೆಳಗೆ ದಪ್ಪ ಹಲ್ಲುಗಳಿದ್ದರೂ ಗಟ್ಟಿ ಪ್ಲಾಸ್ಟಿಕ್ಕಿನಂತಿರುವ ಅಗ್ಗದ ‘ಟ್ರೆಕ್ಕಿಂಗ್ ಶೂ’ಗಳು ಮಣ್ಣಿನಲ್ಲಿ ಹಿಡಿಯುತ್ತವೆ, ಬಂಡೆಯ ಮೇಲೆ ಜಾರುತ್ತವೆ. ಬೆರಳ ಮುಂದೆ ಅರ್ಧ ಅಂಗುಲ ಜಾಗವಿಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುವುದು ಖಚಿತ. ತಿರುಗಿಸಿ ಬಿಗಿ ಮಾಡುವ ಅಗ್ಗದ ಊರುಗೋಲುಗಳು ಭಾರ ಬಿದ್ದಾಗ ಒಳಕ್ಕೆ ಸರಿದುಬಿಡುವುದರಿಂದ ಅವುಗಳನ್ನು ಕೊಳ್ಳದಿರುವುದೇ ಒಳ್ಳೆಯದು. ಒಳ್ಳೆಯ ಕೋಲಿದ್ದರೂ ಅದರ ತುದಿಯ ರಬ್ಬರ್ ಟೋಪಿಯನ್ನು ಬಂಡೆಯ ಮೇಲೆ ತೆಗೆಯಬೇಡಿ. ಬರಿಯ ಲೋಹದ ಮೊನೆ ಗ್ರಾನೈಟಿನ ಮೇಲೆ ನಿಲ್ಲುವುದಿಲ್ಲ.

ಹಂತ 4: ತೋಟಗಳನ್ನು ದಾಟುವುದು

ಬುಡದ ಹಳ್ಳಿಗಳಲ್ಲಿ ಕಾಲುದಾರಿಯ ಇಕ್ಕೆಲಗಳಲ್ಲೂ ದ್ರಾಕ್ಷಿ ಚಪ್ಪರಗಳು ಸಿಗುತ್ತವೆ. ತೋಟದ ಒಳಗಿನಿಂದ ಹಾಯ್ದರೆ ಹತ್ತು ನಿಮಿಷ ಉಳಿಯುತ್ತದೆಂದು ಯಾರೂ ನುಗ್ಗಬಾರದು. ಚಪ್ಪರದ ಭಾರ ತಡೆಯಲು ಅಂಚಿನ ಕಲ್ಲುಕಂಬಗಳಿಂದ ನೆಲದ ಗೂಟಕ್ಕೆ ಓರೆಯಾಗಿ ಬಿಗಿದ ತಂತಿಗಳು ಮಬ್ಬುಗತ್ತಲಲ್ಲಿ ಕಾಣುವುದಿಲ್ಲ. ಮುಖಕ್ಕೋ ಕಾಲಿಗೋ ತಾಗಿದಾಗಲೇ ತಿಳಿಯುತ್ತದೆ. ಕೈಗೆಟುಕುವ ಗೊಂಚಲನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವುದು ರೈತರಿಗೆ ನಷ್ಟ, ತಿಂದವರಿಗೂ ಕೇಡು. ಬೂಜುರೋಗ ತಡೆಯಲು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿದ್ದರೆ ಎಲೆಗಳ ಮೇಲೆ ತಿಳಿನೀಲಿ ಕಲೆ ಉಳಿದಿರುತ್ತದೆ. ಬೇರೆ ಔಷಧಗಳು ಗುರುತನ್ನೂ ಉಳಿಸುವುದಿಲ್ಲ. ಇಳಿದು ಬಂದ ಮೇಲೆ ರಸ್ತೆ ಬದಿಯಲ್ಲಿ ರೈತರಿಂದಲೇ ಕೊಂಡು, ತೊಳೆದು ತಿನ್ನಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ಬೀಜವಿರುವ, ಘಮಘಮಿಸುವ ಕಪ್ಪು ‘ಬೆಂಗಳೂರು ಬ್ಲೂ’ ಹಣ್ಣನ್ನು ಅದು ಬೆಳೆದ ನೆಲದಲ್ಲಿ ತಿನ್ನುವ ಸುಖ ಬೇರೆಯೇ.

ಹಂತ 5: ಹತ್ತುವುದು

ಮಾತನಾಡಲು ಉಸಿರು ಉಳಿಯುವ ವೇಗದಲ್ಲಿ ಹತ್ತಿ. ಒಂದನ್ನು ಮಾತ್ರ ಮರೆಯಬೇಡಿ: ಪೊದೆಯ ದಾರಿ ಮುಗಿದು ಬಂಡೆ ಆರಂಭವಾಗುವ ಪ್ರತಿ ಜಾಗದಲ್ಲೂ ಹಿಂತಿರುಗಿ ನೋಡಿ, ಒಂದು ಫೋಟೊ ತೆಗೆದುಕೊಳ್ಳಿ. ಬಂಡೆಯ ಮೇಲೆ ಹೆಜ್ಜೆಗುರುತು ಉಳಿಯುವುದಿಲ್ಲ. ಇಳಿಯುವಾಗ ಪೊದೆಗಳ ನಡುವೆ ದಾರಿಯ ಬಾಯಿ ಎಲ್ಲಿತ್ತೆಂಬುದನ್ನು ಆ ಫೋಟೊ ಮಾತ್ರ ಹೇಳಬಲ್ಲದು. ಕಡಿದಾದ ಬಂಡೆಗಳ ಮಗ್ಗುಲಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸೆಂಟು, ಹೊಗೆ, ಕೂಗಾಟ ಯಾವುದೂ ಬೇಡ.

ಹಂತ 6: ಬಂಡೆ ಇಳಿಯುವುದು

ನಂದಿ ಸಾಲಿನ ಹಾಸುಬಂಡೆಗಳು ಹೆಚ್ಚಾಗಿ ಬೋರಲು ಹಾಕಿದ ಬಟ್ಟಲಿನ ಆಕಾರದವು. ಮೇಲೆ ನಿಂತವರಿಗೆ ಇಳಿಜಾರು ಸೌಮ್ಯವಾಗಿ ಕಾಣುತ್ತದೆ. ಕೆಳಗೆ ಹೋದಂತೆ ಅದು ಕಡಿದಾಗುತ್ತಾ, ಕೊನೆಗೆ ನೇರ ಗೋಡೆಯಾಗಿಬಿಡುತ್ತದೆ. ಆ ಗೋಡೆ ಮೇಲಿನಿಂದ ಕಾಣುವುದೇ ಇಲ್ಲ. ಕೆಳಗಿನ ತೋಟಗಳೂ ರಸ್ತೆಯೂ ಸ್ಪಷ್ಟವಾಗಿ ಕಾಣುತ್ತಿರುವುದರಿಂದ ನೇರವಾಗಿ ಇಳಿದರಾಯಿತು ಎಂಬ ಭ್ರಮೆ ಹುಟ್ಟುತ್ತದೆ. 2022ರ ಫೆಬ್ರುವರಿಯಲ್ಲಿ ಇದೇ ಸಾಲಿನ ಬ್ರಹ್ಮಗಿರಿಯಲ್ಲಿ ಕಾಲು ಜಾರಿ ಸುಮಾರು 300 ಅಡಿ ಕೆಳಗಿನ ಬಂಡೆಯ ಚಾಚಿನಲ್ಲಿ ಸಿಲುಕಿದ ವಿದ್ಯಾರ್ಥಿಯನ್ನು ಮೇಲೆತ್ತಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಆದ್ದರಿಂದ ಹತ್ತಿದ ದಾರಿಯಲ್ಲಿಯೇ ಇಳಿಯಿರಿ. ಅಡ್ಡದಾರಿ ಎಷ್ಟೇ ಸವೆದಂತೆ ಕಂಡರೂ ಅದು ದಾರಿ ತಪ್ಪಿದವರೇ ತುಳಿದು ಮಾಡಿದ್ದಿರಬಹುದು.

ಎರಡನೆಯದು ಸಮಯ. ಇಬ್ಬನಿ ಬಿದ್ದ ಬಂಡೆಯ ಮೇಲೆ ಇಳಿಯಬಾರದು. ಸೂರ್ಯೋದಯದ ಫೋಟೊ ತೆಗೆದ ಕೂಡಲೇ ತಿಂಡಿಗೆಂದು ಓಡಿ ಇಳಿಯುವವರೇ ಹೆಚ್ಚು ಬೀಳುತ್ತಾರೆ. ಅಂಗೈಯನ್ನು ಬಂಡೆಗೆ ಒತ್ತಿ ನೋಡಿ, ತೇವ ತಾಗಿದರೆ ಬಿಸಿಲು ಅದನ್ನು ಒಣಗಿಸುವವರೆಗೆ ಮೇಲೆಯೇ ಕೂತಿರಿ. ಮಳೆ ಹಿಡಿದರೆ ಚಾರಣವನ್ನೇ ಬಿಡಿ. 2021ರ ಆಗಸ್ಟ್‌ನ ಮಳೆಗೆ ನಂದಿಬೆಟ್ಟದ ರಸ್ತೆಯೇ ಕುಸಿದು ಹೋಗಿತ್ತು.

ಇನ್ನು ಬಂಡೆಯನ್ನು ಓದುವುದು. ಬೂದು ಅಥವಾ ನಸುಗೆಂಪು ಬಣ್ಣದ ಒರಟು ಭಾಗ ಕಾಲನ್ನು ಹಿಡಿಯುತ್ತದೆ. ಮೇಲಿನಿಂದ ಕೆಳಗೆ ಇಳಿದಿರುವ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ಜಾಗಗಳು, ಅಲ್ಲಿ ಪಾಚಿ ಒಣಗಿ ಅಂಟಿಕೊಂಡಿರುತ್ತದೆ, ತುಸು ತೇವಕ್ಕೂ ಲೋಳೆಯಾಗುತ್ತದೆ. ಕಪ್ಪು ಪಟ್ಟೆಯ ಮೇಲೆ ಇಳಿಯಬೇಡಿ, ದಾಟಲೇಬೇಕಾದರೆ ಅತಿ ಕಿರಿದಾದ ಕಡೆ ಅಡ್ಡಕ್ಕೆ ದಾಟಿ. ಒಣ ಬಂಡೆಯ ಮೇಲಿನ ದೊಡ್ಡ ಶತ್ರು ಸವೆದ ಗ್ರಾನೈಟಿನಿಂದ ಉದುರಿದ ದಪ್ಪ ಮರಳು. ಅದು ಬಂಡೆಯ ಬಣ್ಣದ್ದೇ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಸಂಶಯ ಬಂದಲ್ಲಿ ಶೂವಿನ ಅಂಚಿನಿಂದ ಒಮ್ಮೆ ಸವರಿ, ಆಮೇಲೆ ಕಾಲಿಡಿ.

ಹೆಜ್ಜೆ ಇಡುವ ಕ್ರಮದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಭಯಕ್ಕೆ ಮೈ ಹಿಂದಕ್ಕೆ ವಾಲುತ್ತದೆ, ಹಿಮ್ಮಡಿ ಮಾತ್ರ ಬಂಡೆಗೆ ತಾಗುತ್ತದೆ, ಆಗ ಕಾಲು ಮುಂದಕ್ಕೆ ಜಾರಿಯೇ ತೀರುತ್ತದೆ. ಮೊಣಕಾಲು ತುಸು ಮಡಚಿ, ಮೈಭಾರ ಪಾದದ ಮೇಲೆಯೇ ಬೀಳುವಂತೆ ಸ್ವಲ್ಪ ಮುಂದಕ್ಕೆ ಬಾಗಿ, ಇಡೀ ಅಟ್ಟೆ ಬಂಡೆಗೆ ಅಂಟುವಂತೆ ಗೇಣುದ್ದದ ಹೆಜ್ಜೆ ಇಡಿ. ಮುಂದಕ್ಕೆ ಬಾಗಲು ಮನಸ್ಸು ಒಪ್ಪುವುದಿಲ್ಲವಾದ್ದರಿಂದ ಬುಡದ ಚಿಕ್ಕ ಬಂಡೆಯ ಮೇಲೆ ಹತ್ತು ನಿಮಿಷ ಅಭ್ಯಾಸ ಮಾಡಿಯೇ ಮೇಲೆ ಹೋಗಿ. ಇಳಿಜಾರು ಹೆಚ್ಚಾದರೆ ಅಡ್ಡಡ್ಡಲಾಗಿ, ಹಾವಿನ ಚಲನೆಯಲ್ಲಿ ಇಳಿಯಿರಿ. ಇನ್ನೂ ಕಡಿದಾದರೆ ಬಂಡೆಗೆ ಮುಖ ಮಾಡಿ, ಎರಡು ಕೈ ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆಯ ಮೇಲಿರುವಂತೆ ಇಳಿಯಬೇಕು. ಕುಳಿತು ಜಾರುತ್ತಾ ಹೋಗುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ವೇಗ ಹತ್ತಿದ ಮೇಲೆ ಅಂಗೈ ಕಿತ್ತುಹೋದರೂ ನಿಲ್ಲಿಸಲಾಗದು. ಬಂಡೆಯ ಬಿರುಕಿನಲ್ಲಿ ಬೆಳೆದ ಹುಲ್ಲುಗಂಟು, ಒಣ ಲಂಟಾನದ ಕಡ್ಡಿ ಇವನ್ನು ಹಿಡಿದು ತೂಗಬೇಡಿ, ಅವುಗಳ ಬೇರಿಗೆ ಬೆರಳುದ್ದದ ಮಣ್ಣೂ ಇರುವುದಿಲ್ಲ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಕಲ್ಲು ಉರುಳಿದರೆ ‘ಕಲ್ಲು’ ಎಂದು ಕೂಗುವುದನ್ನು ತಂಡಕ್ಕೆಲ್ಲ ಮೊದಲೇ ಹೇಳಿರಿ. ಫೋನು ಜೇಬಿನಲ್ಲಿರಲಿ, ಕೈಗಳೆರಡೂ ಖಾಲಿ ಇರಲಿ.

ಹಂತ 7: ಪೆಟ್ಟಾದರೆ

ಬಿದ್ದವರನ್ನು ತಕ್ಷಣ ಎಬ್ಬಿಸಿ ನಿಲ್ಲಿಸಬೇಡಿ. ಇನ್ನಷ್ಟು ಜಾರುವ ಅಪಾಯವಿದ್ದರೆ ಮಾತ್ರ ಸರಿಸಿ, ನೆರಳು ಮಾಡಿ, 112ಕ್ಕೆ ಕರೆ ಮಾಡಿ ಬೆಟ್ಟದ ಹೆಸರು, ಹತ್ತಿದ ಊರು, ನೀವು ಬಂಡೆಯ ಮೇಲಿದ್ದೀರೋ ಪೊದೆಯಲ್ಲಿದ್ದೀರೋ ಎಂಬುದನ್ನು ಹೇಳಿ. ಫೋನಿನ ನಕ್ಷೆಯಲ್ಲಿ ಕಾಣುವ ಅಕ್ಷಾಂಶ, ರೇಖಾಂಶಗಳನ್ನು ಎಸ್‌ಎಂಎಸ್ ಮೂಲಕ ಕಳಿಸಿ. ಇಂಟರ್ನೆಟ್ ಸಿಗದ ಕಡೆಯೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಇರುತ್ತದೆ. ತಂಡದಲ್ಲಿ ಗಟ್ಟಿಗರಾದ ಇಬ್ಬರು ಹತ್ತಿದ ದಾರಿಯಲ್ಲೇ ಇಳಿದು, ಟಿಕೆಟ್ ಪರಿಶೀಲಿಸಿದ ಜಾಗದಲ್ಲಿರುವ ಅರಣ್ಯ ಸಿಬ್ಬಂದಿಯನ್ನು ಕರೆತರಲಿ, ಉಳಿದವರು ಗಾಯಾಳುವಿನ ಜೊತೆಯಲ್ಲಿಯೇ ಇರಲಿ.