ಗೊಂಬೆ ಹಬ್ಬಕ್ಕೆ ಇನಾನ್ನಾ ಗುಡಿ ಮಾಡುವ ಬಗೆ

ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಗೊಂಬೆ ಕೂರಿಸುವುದೇ ಕಷ್ಟ, ಆದರೂ ಪಕ್ಕದಲ್ಲಿ ಒಂದು ಪಾರ್ಕೋ ಹಳ್ಳಿಯೋ ಮಾಡದೆ ಬಿಡುವುದಿಲ್ಲ, ಅಲ್ವಾ? ಈ ಸಲ ಆ ಜಾಗದಲ್ಲಿ ಸುಮೇರಿಯನ್ನರ ಗುಡಿ ಮಾಡಿ. ಸುಮೇರಿಯನ್ನರೆಂದರೆ ಸುಮಾರು ಐದು ಸಾವಿರ ವರ್ಷದ ಹಿಂದೆ ಈಗಿನ ಇರಾಕಿನ ದಕ್ಷಿಣದಲ್ಲಿದ್ದ ಜನ, ಅವರ ಉರುಕ್ ಊರಿನ ದೇವಿ ಇನಾನ್ನಾ. ಪ್ರೇಮವೂ ಅವಳದೇ, ಯುದ್ಧವೂ ಅವಳದೇ.

ಥರ್ಮಾಕೋಲ್ ಬೇಡ. ಆ ನಾಡಿನಲ್ಲಿ ಕಲ್ಲು ಕಡಿಮೆ, ಗುಡಿ ಕಟ್ಟಿದ್ದು ಮಣ್ಣಿನ ಇಟ್ಟಿಗೆಯಲ್ಲಿ. ಗಣಪತಿ ಮಾಡುವವರ ಹತ್ತಿರ ಶಾಡು ಮಣ್ಣು ಉಳಿದಿದ್ದರೆ ಕೇಳಿ ತನ್ನಿ. ಫ್ಯಾನ್ ಕೆಳಗೆ ನಿಧಾನವಾಗಿ ಒಣಗಿಸಿ, ಬಿಸಿಲಿಗಿಟ್ಟರೆ ಬಿರಿಯುತ್ತದೆ. ಗೋಡೆ ಹಸಿ ಇರುವಾಗಲೇ ಮಕ್ಕಳ ಕೈಗೆ ಸಣ್ಣ ಮಣ್ಣಿನ ಮೊಳೆಗಳನ್ನು ಕೊಟ್ಟು ಚುಚ್ಚಿಸಿ, ಮೊಳೆಯ ತಲೆಗೆ ಕೆಂಪು, ಕಪ್ಪು, ಬಿಳಿ ಬಳಿಯಿರಿ. ಉರುಕ್‌ನ ಗೋಡೆಗಳ ಚಿತ್ತಾರ ಹೀಗೇ ಇತ್ತು.

ದೇವಿಗೆ ಎಂಟು ಕೈ, ಕುಂಕುಮ ಎಲ್ಲ ಇಡಬೇಡಿ, ದಯವಿಟ್ಟು. ಬಾಗಿಲ ಎರಡೂ ಕಡೆ ತೆಂಗಿನ ಕಡ್ಡಿಯ ಕಟ್ಟು ನಿಲ್ಲಿಸಿ, ತುದಿಯನ್ನು ಉಂಗುರದ ಹಾಗೆ ಬಗ್ಗಿಸಿ. ಅಲ್ಲಿ ಜೊಂಡಿನ ಕಟ್ಟು ಅವಳ ಗುರುತು. ಒಂದು ಸಿಂಹ, ಎಂಟು ಮೂಲೆಯ ನಕ್ಷತ್ರ ಇಟ್ಟರೆ ಸಾಕು.

ಜಾಸ್ತಿ ಹೊತ್ತು ಕೊಡಬೇಕಾದ್ದು ಗುಡಿಯ ಕೆಲಸದವರಿಗೆ. ಉರುಕ್‌ನಲ್ಲಿ ಸಿಕ್ಕ, ಸುಮಾರು 5000 ವರ್ಷ ಹಳೆಯ, ಮೂರಡಿ ಎತ್ತರದ ಕಲ್ಲಿನ ಹೂಜಿಯೊಂದರ ಮೇಲೆ ಕೆಳಗೆ ನೀರು, ಪೈರು, ಕುರಿಗಳು, ನಡುವೆ ಬುಟ್ಟಿ ಹೊತ್ತ ಗಂಡಸರ ಸಾಲು, ಮೇಲೆ ಕಾಣಿಕೆ ತೆಗೆದುಕೊಳ್ಳುವ ಹೆಣ್ಣು, ಅವಳ ಹಿಂದೆ ಅದೇ ಜೊಂಡಿನ ಕಟ್ಟುಗಳು. ಮೂರು ಶೂ ಡಬ್ಬಿ ಮೆಟ್ಟಿಲು ಮಾಡಿ ಅದೇ ಕ್ರಮದಲ್ಲಿ ಜೋಡಿಸಿ. ಪಕ್ಕದಲ್ಲಿ ಕಣಜ, ಬಿಯರ್ ಮಡಕೆ (ಅಜ್ಜಿ ಕೇಳಿದರೆ ಸುಮ್ನೆ ನೀರು ಅನ್ನಿ), ನೇಯುವ ಹೆಂಗಸರು, ಮಣ್ಣಿನ ಹಲಗೆಯಲ್ಲಿ ಲೆಕ್ಕ ಬರೆಯುವವನು. ಸುಮೇರಿಯನ್ನರದೇ ಇನ್ನೊಂದು ಊರು ಗಿರ್ಸುವಿನಲ್ಲಿ ಬಾವು ದೇವಿಯ ಹೆಸರಿನ ಆಸ್ತಿಯಲ್ಲಿ ಕ್ರಿ.ಪೂ. 2400ರ ಸುಮಾರಿಗೆ ನೇಯುವ ಹೆಂಗಸರಿಗೆ ಅಳೆದುಕೊಟ್ಟ ಬಾರ್ಲಿಯ ಲೆಕ್ಕ ಇನ್ನೂ ಉಳಿದಿದೆ. ಪೂಜೆ ತೋರಿಸಿ ಇದನ್ನು ಬಿಟ್ಟರೆ ಅರ್ಧ ಗುಡಿ ಬಿಟ್ಟ ಹಾಗೆ.

ಒಂದು ಗೊಂಬೆ ಎನ್ಹೆದುಅನ್ನಾಳದು. ಸಾರ್ಗೋನ್ ರಾಜನ ಮಗಳು, ಉರ್ ಎಂಬ ಮತ್ತೊಂದು ಊರಿನಲ್ಲಿ ಚಂದ್ರದೇವನ ಪೂಜಾರಿಣಿ. ಇನಾನ್ನಾಳನ್ನು ಹೊಗಳುವ ಹಾಡುಗಳು ಅವಳ ಹೆಸರಲ್ಲಿ ಉಳಿದಿವೆ.

ಅರಿಸಿನ ಕುಂಕುಮಕ್ಕೆ ಬಂದವರ ಮಕ್ಕಳಿಗೆ ಕತೆ ಹೇಳಿ. ಇನಾನ್ನಾ ಪಾತಾಳಕ್ಕೆ ಹೋಗುತ್ತಾಳೆ, ಏಳು ಬಾಗಿಲಲ್ಲೂ ಅವಳ ಒಡವೆ, ಉಡುಗೆಗಳಲ್ಲಿ ಒಂದೊಂದನ್ನು ಕಳಚಿಕೊಳ್ಳುತ್ತಾರೆ: ಮೊದಲು ಕಿರೀಟ, ಕೊನೆಗೆ ಮೇಲುಡುಗೆ. ಒಂದೊಂದು ಮಗು ಒಂದೊಂದು ತೆಗೆಯಲಿ. ಉಸಲಿ ಮಾತ್ರ ಏಳನೇ ಬಾಗಿಲಾದ ಮೇಲೆ ಕೊಡಿ, ಮೊದಲೇ ಕೊಟ್ಟರೆ ಒಬ್ಬರೂ ನಿಲ್ಲುವುದಿಲ್ಲ.